ಮೊಟ್ಟೆ ಹೊತ್ತ ಅಪ್ಪ

ಮೊನ್ನೆ ಭಾನುವಾರ ವಿಜಯನಗರದ ನಮ್ಮನೆ ಬಚ್ಚಲಲ್ಲಿ ಜೇಡರ ಬಲೆ ತೆಗೆಯೋಕೆ ಪೊರಕೆ ಎತ್ತಿದ್ದೆ. ಮೂಲೆಯಲ್ಲಿ ಕೂದಲೆಳೆಯಂಥ ಕಾಲಿನ ಜೇಡವೊಂದು ಮೊಟ್ಟೆಗಳ ಉಂಡೆಯನ್ನು ಬಾಯಲ್ಲಿ ಕಚ್ಚಿಕೊಂಡು ನೇತಾಡ್ತಿತ್ತು. "ಅಪ್ಪಾ, ಅದು ಅಮ್ಮ ಜೇಡ, ಹೊಡೀಬೇಡ" ಅಂದಳು ಮಗಳು. ಬಿಟ್ಟೆ. ಆ ಜಾತಿಯ ಮಟ್ಟಿಗೆ ಅವಳು ಹೇಳಿದ್ದು ಸರಿ. ಆದ್ರೆ ಇದೇ ಊಹೆ ಕಡಲಜೇಡದ ವಿಷಯದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳನ್ನೇ ಏಮಾರಿಸಿತ್ತು!

ಕಡಲಜೇಡ ಅಂದ್ರೆ ಬರೀ ಕಾಲು. ಮೈ ಅನ್ನೋದು ಕಾಲುಗಳನ್ನ ಕೂಡಿಸೋಕೆ ಹಾಕಿದ ಗಂಟು, ಅಷ್ಟೇ. ಜಾಗ ಸಾಲದೆ ಕರುಳು ಕಾಲಿನೊಳಕ್ಕೆ ಇಳಿದಿದೆ, ಹೆಣ್ಣಿನ ಮೊಟ್ಟೆ ಬೆಳೆಯೋದೂ ತೊಡೆಯಲ್ಲೇ. ಶ್ವಾಸಕೋಶವೂ ಇಲ್ಲ, ಕಿವಿರೂ ಇಲ್ಲ; ಆಮ್ಲಜನಕ ಚರ್ಮದ ಮೂಲಕ ಒಳಗೆ ಬರುತ್ತೆ. ಅದನ್ನ ಮೈತುಂಬ ಹರಡೋದ್ರಲ್ಲಿ ಹೃದಯಕ್ಕಿಂತ ಕರುಳಿನ ಅಲುಗಾಟದ್ದೇ ಹೆಚ್ಚಿನ ಪಾಲು ಅಂತ ತೋರಿಸಿದ್ದು 2017ರಲ್ಲಿ. ದಡದ ಬಂಡೆಯಿಂದ ಕಡಲಾಳದವರೆಗೆ ಎಲ್ಲೆಡೆ ಇವೆ, ಹೂವಿನಂತೆ ಕಾಣೋ ಮೆದು ಜೀವಿಗಳಿಗೆ ಸೊಂಡಿಲು ಚುಚ್ಚಿ ರಸ ಹೀರುತ್ತವೆ.

ನಡೆಯೋ ಕಾಲಲ್ಲದೆ ಇನ್ನೊಂದು ಜೊತೆ ಪುಟ್ಟ ಕಾಲುಂಟು. ಮೊಟ್ಟೆಯುಂಡೆ ಅಂಟಿರೋದು ಅದಕ್ಕೆ. ಮೊಟ್ಟೆ ಹೊತ್ತದ್ದು ಹೆಣ್ಣೇ ಅಂತ ಬಹುಕಾಲ ಅಂದುಕೊಂಡಿದ್ರು. 1870ರ ದಶಕದಲ್ಲಿ ಇಟಲಿಯ ಕವನ್ನಾ, ಅಲ್ಲ, ಅದು ಗಂಡು ಅಂತ ತೋರಿಸಿದ. ಹೆಣ್ಣು ಮೊಟ್ಟೆಯಿಟ್ಟು ಹೊರಡುತ್ತೆ. ಗಂಡು ತನ್ನ ಅಂಟಿನಿಂದ ಉಂಡೆಕಟ್ಟಿ, ಮರಿಯಾಗೋವರೆಗೂ ಹೊತ್ತು ತಿರುಗುತ್ತೆ. (ಅಪ್ಪಂದಿರ ಪರವಾಗಿ ಒಂದು ಜೈ :) ) ಮುಂದೆ ನೊಣಗಳ ಅಧ್ಯಯನದಿಂದ 1933ರ ನೊಬೆಲ್ ಪಡೆದ ಮಾರ್ಗನ್ ಸಾಹೇಬರ ಡಾಕ್ಟರೇಟು ಇವುಗಳ ಭ್ರೂಣದ ಮೇಲೇ!

ನಮ್ಮ ದೇಶದ ಕಥೆ ಕೇಳಿ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದ್ದ ಕಡಲಜೇಡಗಳ ಬಗ್ಗೆ ಕಾಲ್ಮನ್ 1923ರಲ್ಲಿ ಬರೆದ. ಒಂದು ಜಾತಿಗೆ ಭಾರತೀಯ ಪ್ರಾಣಿ ಸರ್ವೇಕ್ಷಣೆಯಲ್ಲಿದ್ದ ಸ್ಟ್ಯಾನ್ಲಿ ಕೆಂಪ್ ಹೆಸರಿಟ್ಟ. (ನಮ್ಮ ಕೆಂಪೇಗೌಡರಿಗೂ ಇವರಿಗೂ ಸಂಬಂಧವಿಲ್ಲ.) ಆ ಕೆಂಪ್ 1924ರಲ್ಲಿ ಕೆಲಸ ಬಿಟ್ಟು ಹೊರಟದ್ದು ಅಂಟಾರ್ಕ್ಟಿಕ ಕಡಲಿನ ಸಂಶೋಧನೆಗೆ.

ಅಲ್ಲಿ ಕಾಲು ಚಾಚಿದರೆ ಒಂದಡಿ ದಾಟೋ ದೈತ್ಯ ಕಡಲಜೇಡಗಳಿವೆ. ವಿಚಿತ್ರವೆಂದರೆ, ಮೊಟ್ಟೆ ಹೊತ್ತ ದೈತ್ಯನನ್ನ ಮಾತ್ರ ಯಾರೂ ಕಂಡಿರಲಿಲ್ಲ. ನೂರು ವರ್ಷಕ್ಕೂ ಮೀರಿದ ಈ ಒಗಟು ಬಿಡಿಸಿದ್ದು 2024ರಲ್ಲಿ ಪ್ರಕಟವಾದ ಅಧ್ಯಯನ. ತೊಟ್ಟಿಯಲ್ಲಿ ಇಟ್ಟಿದ್ದ ಜೋಡಿಯಲ್ಲಿ ಒಂದು (ಬಹುಶಃ ಅಪ್ಪನೇ) ಎರಡು ದಿನ ಕೂತು ಮೊಟ್ಟೆಗಳನ್ನ ಬಂಡೆಗೆ ಅಂಟಿಸಿತಂತೆ. ಕೆಲವೇ ವಾರಗಳಲ್ಲಿ ಪಾಚಿ ಬೆಳೆದು ಮೊಟ್ಟೆ ಕಾಣದಂತಾಯ್ತು. ಎದುರಿಗಿದ್ದರೂ ಕಾಣದಿದ್ದುದಕ್ಕೆ ಇನ್ನೇನು ಕಾರಣ ಬೇಕು!

ಕಾರವಾರ, ಮಲ್ಪೆ ಕಡೆಯ ಬ್ಲಾಗಿಗರೇ, ಇಳಿತದ ಹೊತ್ತಲ್ಲಿ ಬಂಡೆ ಮೇಲೆ ಇಂಥದ್ದೇನಾದ್ರೂ ನೋಡಿದ್ದೀರಾ? ಫೋಟೋ ಇದ್ರೆ ಹಾಕಿ. ನಮ್ಮ ಬಚ್ಚಲಿನ ಮೂಲೆ ಇನ್ನೂ ಗುಡಿಸಿಲ್ಲ.