ಅರ್ಧ ರಾತ್ರಿಯ ಕೊಡೆ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧ ರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈ ಗಾದೆಯನ್ನು ನಾವು ಹೈಸ್ಕೂಲಿನಲ್ಲಿ ವಿಸ್ತರಿಸಿ ಬರೆದಿದ್ದೇವೆ. ಕೈಗೆ ನಾಲ್ಕು ಕಾಸು ಬಂದ ಕೂಡಲೇ ಮೆರೆಯಬಾರದು, ಮಿತವ್ಯಯವೇ ಮನುಷ್ಯನಿಗೆ ಭೂಷಣ ಎಂದು ಬರೆದು ಅಂಕ ಗಿಟ್ಟಿಸಿದ್ದೇವೆ. ಆದರೆ ಆ ಅಲ್ಪ ಯಾರು? ಕೊಡೆ ಇದ್ದವನು ಹಗಲು ಬಿಸಿಲಲ್ಲಿ ಹಿಡಿಯದೆ ಅರ್ಧ ರಾತ್ರಿಯವರೆಗೆ ಯಾಕೆ ಕಾದ? ಮೇಷ್ಟ್ರು ಕೇಳಲಿಲ್ಲ. ಕೇರಿಯಿಂದ ಹೋದ ನಾವೂ ಕೇಳಲಿಲ್ಲ.

ಕೇಳಬೇಕಾಗಿತ್ತು. 1930ರ ಡಿಸೆಂಬರಿನಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ರಾಮನಾಥಪುರ ಸೀಮೆಯಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ ಎಂಟು ಕಟ್ಟಳೆ ಹೇರಿದರು. ಬೆಳ್ಳಿ ಬಂಗಾರ ಹಾಕಬಾರದು. ಗಂಡಸರು ಮೊಣಕಾಲಿನಿಂದ ಕೆಳಗೆ ಬಟ್ಟೆ ಬಿಡಬಾರದು. ಅಂಗಿ, ಬನಿಯನ್ನು, ಕೋಟು ತೊಡಬಾರದು. ಕ್ರಾಪು ಬಿಡಬಾರದು. ಮನೆಯಲ್ಲಿ ಮಣ್ಣಿನ ಪಾತ್ರೆಯೇ ಇರಬೇಕು. ಹೆಂಗಸರು ಮೈಮೇಲಿನ ಭಾಗ ಮುಚ್ಚಬಾರದು, ಹೂ ಮುಡಿಯಬಾರದು. ಕೊನೆಯದಾಗಿ, ಬಿಸಿಲಿರಲಿ ಮಳೆಯಿರಲಿ, ಗಂಡಸರು ಕೊಡೆ ಹಿಡಿಯಬಾರದು, ಕಾಲಿಗೆ ಚಪ್ಪಲಿ ಮೆಡಬಾರದು. ಇದನ್ನು ಮೀರಿದವರ ಗುಡಿಸಲಿಗೆ ಬೆಂಕಿ ಬಿತ್ತು, ಕೂಡಿಟ್ಟ ದವಸ ಹಾಳಾಯಿತು, ದನಕರು ಲೂಟಿಯಾದವು.

ನಮ್ಮ ಗಾದೆ ಅಲ್ಲಿಂದಲೇ ಹುಟ್ಟಿತು ಎಂದು ನಾವು ಹೇಳುತ್ತಿಲ್ಲ. ಆದರೆ ಹಗಲಲ್ಲಿ ಕೊಡೆ ಬಿಚ್ಚಿದರೆ ಗುಡಿಸಲು ಉರಿಯುವ ನಾಡಿನಲ್ಲಿ, ಆಸೆಪಟ್ಟು ಕೊಡೆ ಕೊಂಡವನೊಬ್ಬ ಅದನ್ನು ಬಿಚ್ಚಲು ಅರ್ಧ ರಾತ್ರಿಯನ್ನಲ್ಲದೆ ಇನ್ನು ಯಾವ ಹೊತ್ತನ್ನು ಆರಿಸಿಕೊಂಡಾನು?

ಈಗ ನಮ್ಮಲ್ಲಿ ಕೆಲವರಿಗೆ ತಿಂಗಳ ಸಂಬಳ ಬರುತ್ತಿದೆ. ಬಂದ ದಿನದಿಂದ ಬುದ್ಧಿವಾದವೂ ಬರುತ್ತಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವರು ಒಂದು ಕಡೆ. ಇರೋದು ಒಂದೇ ಜೀವ, ಕಂತಿನಲ್ಲಿ ತಗೋ, ಅನುಭವಿಸು ಎನ್ನುವ ಅಂಗಡಿಯವರು ಇನ್ನೊಂದು ಕಡೆ. ಉಳಿಸಬೇಕೋ ಉಣ್ಣಬೇಕೋ ಎಂಬುದು ಎಲ್ಲ ಮನೆಯ ಪ್ರಶ್ನೆಯೇ. ನಮ್ಮ ಮನೆಗೆ ಅದು ಬರುವಾಗ ಬೆನ್ನಿಗೆ ಒಂದು ಚರಿತ್ರೆಯನ್ನು ಹೊತ್ತು ಬರುತ್ತದೆ. ಆ ಗಂಟನ್ನು ಮೊದಲು ಬಿಚ್ಚಬೇಕು.

ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಎರಡು ಮಾತಿವೆ. ಶೂದ್ರನು ಶಕ್ತನಾಗಿದ್ದರೂ ಹಣ ಕೂಡಿಡಬಾರದು ಎಂಬುದು ಒಂದು. ಚಂಡಾಲರಿಗೆ ಹೆಣದ ಮೇಲಿನ ಬಟ್ಟೆ, ಒಡೆದ ಪಾತ್ರೆಯ ಊಟ, ಕಬ್ಬಿಣದ ಒಡವೆ ಎಂಬುದು ಇನ್ನೊಂದು. ಅಂದರೆ ಉಳಿಸುವುದೂ ತಪ್ಪು, ಉಟ್ಟು ಉಣ್ಣುವುದೂ ತಪ್ಪು. ಹಾಸಿಗೆಯನ್ನೂ ಕಿತ್ತುಕೊಂಡು ಕಾಲನ್ನೂ ಮಡಿಸಿಟ್ಟ ಶಾಸ್ತ್ರ ಇದು.

ಅದೆಲ್ಲ ಹಳೇ ಪುಸ್ತಕ ಎನ್ನುವವರು 1928ರ ಇಂದೋರಿಗೆ ಬರಲಿ. ಅಲ್ಲಿನ ಸುಮಾರು ಹದಿನೈದಿಪ್ಪತ್ತು ಹಳ್ಳಿಗಳ ಮೇಲ್ಜಾತಿಯವರು, ಪಟೇಲ ಪಟವಾರಿಗಳೂ ಸೇರಿ, ಬಲಾಯಿ ಜನರಿಗೆ ಷರತ್ತು ಹಾಕಿದರು. ಜರಿ ಅಂಚಿನ ರುಮಾಲು ಸುತ್ತಬಾರದು, ಬಣ್ಣದ ಅಂಚಿನ ಧೋತ್ರ ಉಡಬಾರದು, ಹೆಂಗಸರು ಬೆಳ್ಳಿ ಬಂಗಾರ ಹಾಕಬಾರದು. ಇದೇ ಪಟ್ಟಿಯಲ್ಲಿ ಇನ್ನೊಂದು ಷರತ್ತಿದೆ, ಗೆಳೆಯರು ಗಮನಿಸಬೇಕು. ಮಾಡಿದ ಚಾಕರಿಗೆ ಕೂಲಿ ಕೇಳಬಾರದು, ಕೊಟ್ಟಷ್ಟು ತಗೋಬೇಕು. ಒಪ್ಪದಿದ್ದರೆ ಊರು ಬಿಡಬೇಕು. ಖರ್ಚಿನ ಮೇಲೆ ಕಾವಲು ಕೂತವರೇ ಕೂಲಿಯ ಮೇಲೂ ಕೂತಿದ್ದರು. ಬಲಾಯಿಗಳು ಒಪ್ಪಲಿಲ್ಲ. ಬಾವಿಯ ನೀರು ನಿಂತಿತು, ದನ ಮೇಯಿಸುವುದು ನಿಂತಿತು, ಓಡಾಡುವ ದಾರಿಯೂ ಮುಚ್ಚಿತು.

1935ರ ನವೆಂಬರಿನಲ್ಲಿ ಗುಜರಾತಿನ ಜಾನು ಎಂಬ ಹಳ್ಳಿಯಲ್ಲಿ ಸ್ವಲ್ಪ ಅನುಕೂಲವಿದ್ದ ಮನೆಯ ಅಸ್ಪೃಶ್ಯ ಹೆಂಗಸರು ಲೋಹದ ಕೊಡದಲ್ಲಿ ನೀರು ತರತೊಡಗಿದರು. ಅಷ್ಟಕ್ಕೇ ಏಟು ಬಿತ್ತು. ಮರುವರ್ಷ, ಜಯಪುರ ಸಂಸ್ಥಾನದ ಚಕ್ವಾರಾದಲ್ಲಿ ಯಾತ್ರೆ ಮುಗಿಸಿ ಬಂದ ಒಬ್ಬ ತನ್ನ ಜನಕ್ಕೆ ಊಟ ಹಾಕಿಸಿದ. ಎಲೆಗೆ ತುಪ್ಪ ಬಡಿಸಿದ. ನೂರಾರು ಜನ ದೊಣ್ಣೆ ಹಿಡಿದು ನುಗ್ಗಿ ಅನ್ನ ಹಾಳು ಮಾಡಿದರು, ಉಣ್ಣುತ್ತಿದ್ದವರನ್ನು ಬಡಿದರು. ಜನ ಎಲೆ ಬಿಟ್ಟು ಜೀವ ಉಳಿಸಿಕೊಳ್ಳಲು ಓಡಿದರು. ಈ ಸಂಗತಿಗಳನ್ನೆಲ್ಲ ಬಾಬಾಸಾಹೇಬ್ ಅಂಬೇಡ್ಕರ್ 1936ರಲ್ಲಿ ಅಚ್ಚಾದ 'ಜಾತಿ ವಿನಾಶ'ದಲ್ಲಿ ದಾಖಲು ಮಾಡಿದ್ದಾರೆ. ಸಾಲ ಮಾಡಿಯಾದರೂ ತುಪ್ಪ ತಿನ್ನು ಅಂತ ನಮ್ಮ ಕಡೆ ತಮಾಷೆಗೆ ಹೇಳ್ತಾರೆ. ಯಾತ್ರೆಯ ಪುಣ್ಯಕ್ಕೆಂದು ತನ್ನವರಿಗೆ ತುಪ್ಪ ಬಡಿಸಿದವನಿಗೆ ಸಿಕ್ಕಿದ್ದು ದೊಣ್ಣೆ.

ಹಾಗಾದರೆ ನಮ್ಮ ಜನ ಖರ್ಚು ಮಾಡಿದ್ದನ್ನು ಇವರು ಎಲ್ಲಿಯೂ ಒಪ್ಪಲಿಲ್ಲವೆ? ಒಂದು ಕಡೆ ಒಪ್ಪಿದರು. ಮದುವೆಗೆ, ತಿಥಿಗೆ, ಜಾತ್ರೆಗೆ ಸಾಲ ಬೇಕು ಎಂದರೆ ಪಡಸಾಲೆಯ ಪೆಟ್ಟಿಗೆ ತಾನಾಗಿ ತೆರೆಯಿತು. ನಮ್ಮ ತಾತ ಸೋದರತ್ತೆಯ ಮದುವೆಗೆ ಸಾಲ ತಂದ. ಚಪ್ಪರ ಹಾಕಿಸಿದ, ವಾಲಗ ಊದಿಸಿದ, ಮೂರು ದಿನ ಕೇರಿಯೆಲ್ಲ ಉಂಡಿತು. ಆಮೇಲೆ ಹತ್ತು ವರ್ಷದ ನಮ್ಮಪ್ಪನನ್ನು ಜೀತಕ್ಕೆ ಬಿಟ್ಟ. ಅಪ್ಪನಿಗೆ ಆ ಮದುವೆಯ ಪಾಯಸದ ರುಚಿ ನೆನಪಿಲ್ಲ, ಆ ಮನೆಯ ಕೊಟ್ಟಿಗೆಯ ಸಗಣಿ ವಾಸನೆ ನೆನಪಿದೆ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ರದ್ದತಿಯ ಕಾಯಿದೆಯಾಯಿತು. ಮುಂಗಡ ಹಣಕ್ಕೆ, ಸಂಪ್ರದಾಯದ ಕಟ್ಟಿಗೆ, ಅಪ್ಪನಿಂದ ಮಗನಿಗೆ ಇಳಿದ ಋಣಕ್ಕೆ ದುಡಿಸಿಕೊಳ್ಳುವುದೆಲ್ಲ ಜೀತವೇ ಎಂದು ಆ ಕಾಯಿದೆ ಹೇಳಿತು. ಕಾಯಿದೆಯ ಕಾಗದ ನಮ್ಮ ಹಳ್ಳಿಗೆ ನಡೆದು ಬರುವುದಕ್ಕೆ ಇನ್ನೂ ಕೆಲವು ವರ್ಷ ಹಿಡಿಯಿತು.

ತಾತನನ್ನು ನಾವು ಬೈಯುವುದಿಲ್ಲ. ವರ್ಷವೆಲ್ಲ ಹೊಟ್ಟೆ ಕಟ್ಟಿದವನಿಗೆ ಮೂರು ದಿನ ಮನುಷ್ಯನಾಗಿ ನಿಲ್ಲಬೇಕು ಅನ್ನಿಸಿದ್ದು ತಪ್ಪಲ್ಲ. ಆದರೆ ಆ ಮೂರು ದಿನದ ಬೆಲೆ ಕಟ್ಟಿದವನು ಯಾರು, ತೆತ್ತವನು ಯಾರು ಎಂಬುದನ್ನು ಮರೆಯುವ ಹಾಗಿಲ್ಲ.

ಈ ಲೆಕ್ಕವನ್ನು ಸರಿಯಾಗಿ ಮಾಡಿದವರು ಬಾಬಾಸಾಹೇಬರು. ಓದಿದ್ದೇ ಅರ್ಥಶಾಸ್ತ್ರ ಅಲ್ಲವೆ! ನ್ಯೂಯಾರ್ಕಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಹೊಟ್ಟೆ ಬಟ್ಟೆ ಕಟ್ಟಿ, ಹಳೇ ಪುಸ್ತಕದ ಅಂಗಡಿ ಅಲೆದು ಸುಮಾರು 2,000 ಪುಸ್ತಕ ಕೊಂಡರು. 1918ರಿಂದ 1920ರವರೆಗೆ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಪಡೆದ ಸಂಬಳದಲ್ಲಿ ಮನೆಗೆ ಇಷ್ಟೇ ಎಂದು ಕೊಟ್ಟು ಉಳಿದದ್ದನ್ನು ಕೂಡಿಟ್ಟು ಮತ್ತೆ ಲಂಡನ್ನಿಗೆ ಹೋದರು. ಸಾಲದ್ದಕ್ಕೆ ಗೆಳೆಯ ನವಲ್ ಭತೇನಾ ಅವರಿಂದ 5,000 ರೂಪಾಯಿ ಸಾಲವನ್ನೂ ಮಾಡಿದರು. ಅದೂ ಸಾಲವೇ, ನಮ್ಮ ತಾತ ಮಾಡಿದ್ದೂ ಸಾಲವೇ. ಒಂದು ಜೀತಕ್ಕೆ ತಳ್ಳಿತು, ಇನ್ನೊಂದು ಜೀತದ ಬೇರನ್ನು ಕೀಳುವ ಓದಿಗೆ ಹೋಯಿತು.

ಇಲ್ಲಿ ರಮಾಬಾಯಿಯವರ ಹೆಸರು ಹೇಳದೆ ಮುಂದೆ ಹೋದರೆ ಅನ್ಯಾಯ. ಗಂಡ ಕಡಲಾಚೆ ಇದ್ದಾಗ ಆ ಮಿತವ್ಯಯವನ್ನು ಒಲೆಯ ಮುಂದೆ ಕೂತು ನಡೆಸಿದವರು ಅವರು. ಐದು ಮಕ್ಕಳಲ್ಲಿ ನಾಲ್ಕು ಮಕ್ಕಳನ್ನು ಕಳೆದುಕೊಂಡರು. 1935ರಲ್ಲಿ ತಾವೂ ಹೋದರು. ನಮ್ಮ ಮನೆಗಳಲ್ಲಿಯೂ ಉಳಿತಾಯ ಅಂದರೆ ಹೆಂಗಸು ಕೊನೆಗೆ ಉಣ್ಣುವುದು, ಉಳಿಯದಿದ್ದರೆ ನೀರು ಕುಡಿದು ಮಲಗುವುದು ಎಂದೇ ಅರ್ಥ. ಉಳಿತಾಯವನ್ನು ಹೊಗಳುವ ಗಂಡಸು ಮೊದಲು ತನ್ನ ಮನೆಯ ಅಡಿಗೆ ಕೋಣೆಗೆ ಹೋಗಿ ಗಡಿಗೆಯ ತಳ ನೋಡಿ ಬರಲಿ.

ಆದರೂ ಬಾಬಾಸಾಹೇಬರು ಜನಕ್ಕೆ ಬರೀ ಹೊಟ್ಟೆ ಕಟ್ಟಿ ಎಂದು ಹೇಳಲಿಲ್ಲ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಅದೇ ಸಂದರ್ಭದಲ್ಲಿ ಹೆಂಗಸರನ್ನು ಕೂಡಿಸಿ ಮಾತಾಡಿದರು. ನೀವು ಸೀರೆ ಉಡುವ ರೀತಿ, ಮೊಣಕೈವರೆಗೆ ಏರಿಸುವ ಬಳೆಗಳು, ಕೊರಳ ತುಂಬ ಹೇರುವ ಸರಗಳು ನಿಮ್ಮ ಅಸ್ಪೃಶ್ಯತೆಯ ಗುರುತಾಗಿವೆ, ಅವನ್ನು ಬಿಡಿ. ಒಡವೆ ಬೇಕೇ ಬೇಕಾದರೆ ಬಂಗಾರದ್ದು ಹಾಕಿ, ಇಲ್ಲದಿದ್ದರೆ ಬೇಡ ಎಂಬುದು ಅವರ ಮಾತಿನ ಸಾರ. 1942ರ ಜುಲೈನಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಮಕ್ಕಳ ಮದುವೆಗೆ ಅವಸರ ಬೇಡ, ಹೊರುವ ಶಕ್ತಿ ಬರುವವರೆಗೆ ಆ ಹೊರೆ ಹೇರಬೇಡಿ ಎಂದರು. ಬಂಗಾರ ಹಾಕಿ ಎಂದವರೇ ಮದುವೆ ತಡೆಯಿರಿ ಎಂದರು. ಇವೆರಡೂ ಜಗಳವಾಡುವ ಮಾತಲ್ಲ. ಯಾವ ಖರ್ಚು ನಮ್ಮ ಮೈಮೇಲಿನ ಹಳೇ ಗುರುತನ್ನು ಅಳಿಸುತ್ತದೋ ಅದನ್ನು ಮಾಡಿ, ಯಾವ ಖರ್ಚು ನಮ್ಮನ್ನು ಮತ್ತೆ ಯಾರದೋ ಬಾಗಿಲಲ್ಲಿ ನಿಲ್ಲಿಸುತ್ತದೋ ಅದನ್ನು ಬಿಡಿ ಎಂದು ನಾವು ಇದನ್ನು ಓದಿಕೊಂಡಿದ್ದೇವೆ.

ಮೊದಲ ಸಂಬಳದಲ್ಲಿ ನಾವು ಅವ್ವನಿಗೆ ಒಂದು ಜೊತೆ ಚಪ್ಪಲಿ ತಂದೆವು. ಊರ ಬೀದಿ ದಾಟುವಾಗ ಅವ್ವ ಅದನ್ನು ಕೈಯಲ್ಲಿ ಹಿಡಿದುಕೊಂಡು, ಬಸ್ ಸ್ಟ್ಯಾಂಡ್ ಹತ್ತಿರ ಬಂದ ಮೇಲೆ ಕಾಲಿಗೆ ಹಾಕಿದಳು. ಯಾಕವ್ವ ಅಂದರೆ, "ಸವೆದೋಯ್ತವೆ ಕಣ್ ಮಗ, ಇನ್ನೆಲ್ಡು ವರ್ಸ ಬರ್ಲಿ ಅಂತ" ಅಂದಳು. ಆ ದಿನ ನಮಗೆ ಈ ಲೇಖನದ ವಿಷಯ ಹೊಳೆಯಿತು. ಅವ್ವ ಅದನ್ನು ಉಳಿತಾಯ ಅಂತ ನಂಬಿದ್ದಾಳೆ. ಅದು ಭಯ. ಎಷ್ಟು ತಲೆಮಾರಿನ ಭಯ ನಮ್ಮ ಮನೆಗಳಲ್ಲಿ ಮಿತವ್ಯಯದ ಹೆಸರು ಇಟ್ಟುಕೊಂಡು ಕೂತಿದೆಯೋ! ಇದೆಲ್ಲ ಹಿಂದಿನ ಮಾತು ಎನ್ನುವವರು ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯನ್ನು ಓದಲಿ. ದಲಿತರು ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ಉಡುವುದನ್ನು, ಕುದುರೆ ಏರಿ ಮದುವೆ ದಿಬ್ಬಣ ಹೋಗುವುದನ್ನು ತಡೆದರೆ ಅಪರಾಧ ಎಂದು ಅಷ್ಟು ತಡವಾಗಿ ಬರೆಯಬೇಕಾಗಿ ಬಂತು.

ಆದ್ದರಿಂದ ಗೆಳೆಯರೇ, ಉಳಿಸೋಣ. ತಂಗಿಯ ಓದಿಗೆ, ಅಪ್ಪನ ಔಷಧಿಗೆ, ಯಾರ ಪಡಸಾಲೆಗೂ ಹೋಗದೆ ಇರುವುದಕ್ಕೆ ಉಳಿಸೋಣ. ಜೊತೆಗೆ ತಿಂಗಳಿಗೊಮ್ಮೆ ಅನ್ನಕ್ಕೆ ತುಪ್ಪ ಹಾಕಿ ಉಣ್ಣೋಣ, ಅವ್ವನ ಎಲೆಗೆ ಮೊದಲು ಬಡಿಸೋಣ, ಆ ಖರ್ಚಿಗೆ ಯಾರಿಗೂ ಲೆಕ್ಕ ಒಪ್ಪಿಸುವುದು ಬೇಡ. ಚಪ್ಪಲಿ ಸವೆದರೆ ಸವೆಯಲಿ, ಇನ್ನೊಂದು ಜೊತೆ ತರೋಣ. ಮುಂದಿನ ಸಂಬಳಕ್ಕೆ ಒಂದು ಕೊಡೆ ತರುವುದೆಂದು ಲೆಕ್ಕ ಹಾಕಿದ್ದೇವೆ. ಅವ್ವನ ಜೊತೆ ಊರ ಬೀದಿಯಲ್ಲಿ ಮಟಮಟ ಮಧ್ಯಾಹ್ನ ನಡೆಯಬೇಕು.