ಫರ್ಶಿ ನಾಡಿಗೆ ಸಿಮೆಂಟ್ ಬಂದ ಬಗೆ

ವಡಗೇರಾ ಕಡೆಯ ಹಳೆಯ ಮನೆಗಳೆಂದರೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದ್ ಫರ್ಶಿ. ಗಟ್ಟಿ ಕಟ್ಟಡ ಬೇಕಾದರೆ ಸುಣ್ಣದ ಗಚ್ಚು. ಅತ್ತ ಮೈಸೂರಿನ ಕನ್ನಂಬಾಡಿ ಕಟ್ಟೆಯೂ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ಎದ್ದದ್ದು.

ಸುಣ್ಣದಕಲ್ಲು, ಜೇಡಿಮಣ್ಣು ಸುಟ್ಟು ಪುಡಿಮಾಡಿದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 1824ರಲ್ಲಿ ಇಂಗ್ಲೆಂಡಿನ ಗೌಂಡಿ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದ. ನಿಜಾಮರ ಕಾಲದಲ್ಲೇ ನಮ್ಮ ಪಕ್ಕದ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾಯಿತು. 1936ರಲ್ಲಿ ಅದು ಎಸಿಸಿ ಕಂಪನಿಯಲ್ಲಿ ಸೇರಿತು. ಮುಂದೆ ವಾಡಿಯಲ್ಲೂ ಕಾರ್ಖಾನೆ ಬಂತು. ಫರ್ಶಿಗೂ ಸಿಮೆಂಟಿಗೂ ಮೂಲ ಈ ಭಾಗದ ಸುಣ್ಣದಕಲ್ಲೇ.

ಸಿಮೆಂಟ್, ಉಸುಕು, ಖಡಿ, ನೀರು ಸೇರಿದರೆ ಕಾಂಕ್ರೀಟ್. ಅದು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. 50 ಕಿಲೋ ಚೀಲಕ್ಕೆ ಸುಮಾರು 25 ಲೀಟರ್ ನೀರು ಸಾಕು. ಉಸುಕು ಹಸಿಯಿದ್ದರೆ ಇನ್ನೂ ಕಡಿಮೆ. ಹೆಚ್ಚು ಸುರಿದರೆ ಕಲಸಲು ಹಗುರ, ಆದರೆ ಆ ನೀರು ಆರಿದಲ್ಲಿ ಸಣ್ಣ ತೂತುಗಳು ಉಳಿಯುತ್ತವೆ. ಅಲ್ಲಿಂದ ಸ್ಲ್ಯಾಬ್ ಸೋರಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ.

ಸ್ಲ್ಯಾಬ್ ಹಾಕಿ ಗಟ್ಟಿಯಾದ ಮೇಲೆ ಮಾತ್ರ ನೀರಿಗೆ ಜಿಪುಣತನ ಬೇಡ. ನಮ್ಮ ಬಿಸಿಲಿಗೆ ಕನಿಷ್ಠ 10 ದಿನ ಅಂಚಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸಿ. ಸಾಲ ಮಾಡಿ ಕಟ್ಟಿದ ಮನೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕಲ್ಲ?