ಸಂಕಟಕಾಲದ ದಾದಿಯರು

ಫ್ಲಾರೆನ್ಸ್ ನೈಟಿಂಗೇಲ್ ಜನಿಸಿ 200 ವರ್ಷ ತುಂಬಿದ 2020ನ್ನು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಹಾಗೂ ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಆ ಗೌರವದ ವರ್ಷವೇ ಅವರಿಗೆ ಅಗ್ನಿಪರೀಕ್ಷೆಯ ವರ್ಷವೂ ಆಯಿತು. ಕುಸನೂರಿನ ಮಗ್ಗುಲಲ್ಲಿರುವ ಕಲಬುರಗಿ ನಗರದ 76 ವರ್ಷದ ವೃದ್ಧರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಕೋವಿಡ್‌ನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣ ಅದೆಂದು ಎರಡು ದಿನಗಳ ಬಳಿಕ ದೃಢಪಟ್ಟಿತು.

ಬಂಧುಗಳೂ ಬಳಿ ಬರಲಾಗದ ರೋಗಿಗಳನ್ನು ಮುಟ್ಟಿ ಉಪಚರಿಸಿದವರು ದಾದಿಯರು. ಗಾಳಿಯಾಡದ ರಕ್ಷಾಕವಚದೊಳಗೆ ಬೆವರುತ್ತ ದುಡಿದರು. ಪಾಳಿ ಮುಗಿದರೂ ಅನೇಕರು ಮನೆಗೆ ಹೋಗದೆ, ಮಕ್ಕಳ ಮುಖವನ್ನು ಫೋನಿನಲ್ಲಿಯೇ ಕಂಡರು. ಮಾರ್ಚ್ 22ರ ಸಂಜೆ ದೇಶವು ಅವರಿಗಾಗಿ ಚಪ್ಪಾಳೆ ತಟ್ಟಿತು. ಆದರೆ ಕೆಲವೆಡೆ ಅವರನ್ನೇ ಬಾಡಿಗೆ ಮನೆಗಳಿಂದ ಹೊರಗೆ ಕಳುಹಿಸಿದುದೂ ಉಂಟು.

ಈ ಎರಡನ್ನೂ ಇತಿಹಾಸವು ಬರೆದಿಡಬೇಕು. ಚಪ್ಪಾಳೆಯ ಸದ್ದು ಅಡಗಿದ ಮೇಲೂ ದಾದಿಗೆ ಬಾಗಿಲು ತೆರೆದಿಡುವ ಸಮಾಜವೇ ಕೃತಜ್ಞ ಸಮಾಜ.